ಸಂತೆಯಿಂದ ತಂದ ಮೂರು ಹಳೇ ಪ್ಲೇಯರ್‌ಗಳು, ನಮ್ಮನೇಲಿ ಉಳಿದಿದ್ದು ಕ್ಯಾಸೆಟ್ಟು

ಮೊದ್ಲೇ ಹೇಳ್ಬಿಡ್ತೀನಿ, ನನ್ನ ಓಟು ಕ್ಯಾಸೆಟ್ ರೆಕಾರ್ಡರ್‌ಗೇ. ಒಂದೂವರೆ ವರ್ಷದಲ್ಲಿ ನಾವು ಮೂರು ಹಳೇ ಪ್ಲೇಯರ್ ಮನೆಗೆ ತಂದ್ವಿ. ಒಂದು ಎಲ್‌ಪಿ (ಲಾಂಗ್ ಪ್ಲೇ ಅನ್ನೋ ದೊಡ್ಡ ತಟ್ಟೆ) ಹಾಕೋ ರೆಕಾರ್ಡ್ ಪ್ಲೇಯರ್, ಒಂದು ಸಿಡಿ ಪ್ಲೇಯರ್, ಒಂದು ಬ್ಯಾಟರೀಲೂ ಓಡೋ ಕ್ಯಾಸೆಟ್ ರೆಕಾರ್ಡರ್, ಮೂರೂ ಸೆಕೆಂಡ್ ಹ್ಯಾಂಡ್. ಬರೀ ಸೌಂಡ್ ಕೇಳಿ ಮಾರ್ಕ್ಸ್ ಕೊಡಿ ಅಂದ್ರೆ ಕ್ಯಾಸೆಟ್ಟೇ ಕಡೇದು, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ವಾರದಲ್ಲಿ ನಾಲ್ಕು ದಿನ ನಮ್ಮ ಊಟದ ಮೇಜಿನ ಮೇಲೆ ಇರೋದು ಅದೇ, ಸಂತೆಗೆ ನಮ್ಮ ಜೊತೆ ಬರೋದೂ ಅದೇ.

ನಮ್ಮದು ಐದು ಜನರ ಸಂಸಾರ, ನಾನು, ನಮ್ಮವರು, ಅತ್ತೆ, 11 ವರ್ಷದ ಮಗಳು, 7 ವರ್ಷದ ಮಗ. ಐದೂ ಜನಕ್ಕೆ ಇಷ್ಟ ಆಗೋ ಜಾಗ ಅಂದ್ರೆ ಒಂದು ಕಡೆ ತಿಂಡಿ ಅಂಗಡಿಗಳ ಸಾಲು, ಒಂದು ಮೂಲೇಲಿ ಯಾರೋ ಕೂತು ಹಾಡ್ತಾನೋ ನುಡಿಸ್ತಾನೋ ಇರ್ಬೇಕು, ಮತ್ತೆ ನೆಲದ ಮೇಲೆ ಬಟ್ಟೆ ಹಾಸಿ ಹಳೇ ಸಾಮಾನು ಹರಡ್ಕೊಂಡಿರ್ಬೇಕು, ಅಂಥ ಸಂತೆ. ಮೊದ್ಲು ಹೋದ ತಕ್ಷಣ ತಿನ್ನೋಕೆ ಕೂತ್ಬಿಡ್ತಿದ್ವಿ, ಅದು ತಪ್ಪು. ಒಂದು, ಒಳ್ಳೇ ಸಾಮಾನು ಬೆಳಗ್ಗೇನೇ ಖಾಲಿ ಆಗಿರುತ್ತೆ. ಎರಡು, ಎಣ್ಣೆ ಕೈಯಲ್ಲಿ ರೆಕಾರ್ಡ್ ಮುಟ್ಟಿದ್ರೆ ಆ ಜಿಡ್ಡು ಹಾಡು ಕೆತ್ತಿರೋ ಗೀರುಗಳ ಒಳಗೆ ಕೂತು ಧೂಳು ಹಿಡಿಯುತ್ತೆ, ನನ್ನ ಮಗನ ಐದು ಬೆರಳಿನ ಗುರುತು ಬಿದ್ದ ಎಲ್‌ಪಿ ಒಂದಿತ್ತು, ಆ ಜಾಗ ಬಂದಾಗ್ಲೆಲ್ಲ ಚಟಪಟ ಅಂತಿತ್ತು. ಈಗ ಮೊದ್ಲು ಹಳೇ ಸಾಮಾನು, ಆಮೇಲೆ ತಿಂಡಿ, ಹೊಟ್ಟೆ ತುಂಬಿದ್ಮೇಲೆ ಹಾಡಿನ ಹತ್ರ. ಮಕ್ಕಳೂ ಈ ಲೆಕ್ಕಕ್ಕೆ ಒಗ್ಗಿದ್ದಾರೆ, ಆಮೇಲೆ ತಿಂಡಿ ಇದೆ ಅಂತ ಗೊತ್ತಿರೋದ್ರಿಂದ ರಂಪ ಇಲ್ಲ.

ಸರಿ, ರೆಕಾರ್ಡ್ ಪ್ಲೇಯರ್. ಅದು ನಿಜಕ್ಕೂ ಚೆಂದ, ನಾನು ಅದನ್ನ ಬೈಯಲ್ಲ. ಎಲ್‌ಪಿ ಅನ್ನೋದು 1948ರಲ್ಲಿ ಬಂದಿದ್ದು, ನಿಮಿಷಕ್ಕೆ 33⅓ ಸುತ್ತು, ಒಂದು ಮಗ್ಗುಲು ಮುಗಿಯೋಕೆ ಸುಮಾರು 20 ನಿಮಿಷ. ಆ 20 ನಿಮಿಷ ಯಾರೂ ಹಾಡು ಬದಲಾಯ್ಸಲ್ಲ, ಬದಲಾಯ್ಸೋಕೆ ಎದ್ದು ಹೋಗಿ ಮುಳ್ಳು ಎತ್ತಬೇಕಲ್ಲ, ಆ ಸೋಮಾರಿತನದಿಂದ್ಲೇ ಇಡೀ ಮನೆ ಒಟ್ಟಿಗೆ ಕೂತು ಕೇಳಿದೆ. ಆದ್ರೆ ಮಗ ರೂಮಿನಲ್ಲಿ ಕುಣಿದ್ರೆ ಮುಳ್ಳೂ ಕುಣಿಯುತ್ತೆ, ಹಾಡು ಕೇಳಿ ಕುಣೀಬೇಡ ಅಂತ 7 ವರ್ಷದ ಹುಡುಗನಿಗೆ ಹೇಳೋಕೆ ನನಗೆ ಮನಸ್ಸು ಬರ್ಲಿಲ್ಲ.

ತಂದ ದಿನ ಮನೇಲಿದ್ದ ಸ್ಪೀಕರ್‌ಗೆ ನೇರ ಚುಚ್ಚಿದ್ವಿ. ಸೊಳ್ಳೆ ಹಾಡಿದ ಹಾಗೆ ಕೇಳಿಸ್ತು, ಮೋಸ ಹೋದ್ವಿ ಅಂದ್ಕೊಂಡ್ವಿ. ಆಮೇಲೆ ಗೊತ್ತಾಯ್ತು, ಮುಳ್ಳಿನಿಂದ ಬರೋ ಸಿಗ್ನಲ್ ಕೆಲವೇ ಮಿಲಿವೋಲ್ಟ್, ಮೇಲಾಗಿ ರೆಕಾರ್ಡ್ ಕೆತ್ತುವಾಗ್ಲೇ ಮಂದ್ರದ ಸ್ವರಗಳನ್ನ ತಗ್ಗಿಸಿ ಮೇಲಿನ ಸ್ವರಗಳನ್ನ ಹೆಚ್ಚಿಸಿ ಕೆತ್ತಿರ್ತಾರೆ, ಅದನ್ನ ತಿರುಗಿ ಸರಿ ಮಾಡೋಕೆ ಫೋನೋ ಪ್ರಿಆಂಪ್ ಅಂತ ಬೇರೆ ಡಬ್ಬಿ ಬೇಕು. ಅದು ತಂದ್ಮೇಲೆ ಮುಳ್ಳು ಸವೆದಿದೆ ಅಂತ ತಿಳೀತು. ಸವೆದ ಮುಳ್ಳು ಇಟ್ರೆ ಒಳ್ಳೇ ರೆಕಾರ್ಡೂ ಹಾಳಾಗುತ್ತೆ. ಹೊಸ ಮುಳ್ಳಿಗೆ ಕೊಟ್ಟ ದುಡ್ಡು ಆ ಪ್ಲೇಯರ್‌ಗೆ ಕೊಟ್ಟಿದ್ದಕ್ಕಿಂತ ಜಾಸ್ತಿ ಆಯ್ತು. ಅತ್ತೆ ಆಸೆಪಟ್ಟು ಒಂದು ತೂಕದ ಕಪ್ಪು ರೆಕಾರ್ಡ್ ಆರಿಸಿದ್ರು, ಅದು 78ರದ್ದು, ಅಂದ್ರೆ ನಿಮಿಷಕ್ಕೆ 78 ಸುತ್ತು ತಿರುಗೋ ಹಳೇ ಕಾಲದ್ದು, ಅದರ ಗೀರು ಅಗಲ, ಎಲ್‌ಪಿ ಮುಳ್ಳು ಅದರ ತಳದಲ್ಲಿ ಒದ್ದಾಡ್ಕೊಂಡು ಬರೀ ಗರಗರ ಅನ್ನುತ್ತೆ. ಅದಕ್ಕೆ ಇನ್ನೊಂದು ದಪ್ಪ ಮುಳ್ಳು ಬೇಕಂತೆ. ನಾನು ಅಲ್ಲಿಗೆ ನಿಲ್ಸಿದೆ.

ಸಿಡಿ ಪ್ಲೇಯರ್ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ, ಯಾಕಂದ್ರೆ ಅದು ಕಾಟ ಕೊಟ್ಟಿಲ್ಲ. ಮೂರರಲ್ಲಿ ಅಗ್ಗ, ಸೌಂಡ್ ಸ್ವಚ್ಛ, ಮಕ್ಕಳೇ ಹಾಕ್ಕೊಳ್ತಾರೆ, ಸಂತೇಲಿ ಸಿಡಿಗಳನ್ನ ರಾಶಿ ಲೆಕ್ಕದಲ್ಲಿ ಕೊಡ್ತಾರೆ. ಒಂದು ವಿಷಯ ಮಾತ್ರ ನೆನಪಿರ್ಲಿ, ಎಲ್ಲರೂ ಹೊಳೆಯೋ ಬದಿ ಗೀಚಿದ್ಯಾ ಅಂತ ನೋಡ್ತಾರೆ, ಆದ್ರೆ ಹೊಳೆಯೋ ಪದರ ಇರೋದು ಹೆಸರು ಅಚ್ಚಾಗಿರೋ ಬದಿಯ ತೆಳು ಲೇಪದ ಕೆಳಗೇ. ಆ ಕಡೆ ಗೀರು ಆಳವಾಗಿದ್ರೆ ಸಿಡಿ ಹೋದಂಗೇ. ಬೆಳಕಿಗೆ ಹಿಡಿದು ನೋಡಿ, ಸೂಜಿ ತೂತಿನ ಹಾಗೆ ಬೆಳಕು ಕಂಡ್ರೆ ಬಿಡಿ. ಮನೇಲಿ ಬರ್ನ್ ಮಾಡಿದ ಸಿಡಿಗಳನ್ನಂತೂ ನಾನು ಮುಟ್ಟಲ್ಲ, ಅದರ ಬಣ್ಣದ ಪದರ ಬಿಸಿಲಿಗೆ ಹಾಳಾಗುತ್ತೆ.

ಈಗ ಕ್ಯಾಸೆಟ್ ರೆಕಾರ್ಡರ್, ಇದರ ಕಥೆ ಸ್ವಲ್ಪ ಉದ್ದ.

ಮಾರೋನೇ ಹೇಳಿದ್ದ, ಇದು ಓಡಲ್ಲ, ಬೇಕಾದ್ರೆ ತಗೊಳ್ಳಿ ಅಂತ. ನಮ್ಮವರು ಬ್ಯಾಟರಿ ಹಾಕಿ ಪ್ಲೇ ಒತ್ತಿದ್ರು, ಮೋಟಾರ್ ಗುಂಯ್ ಅಂತು ಆದ್ರೆ ಕ್ಯಾಸೆಟ್ ಕೂರೋ ಹಲ್ಲುಚಕ್ರ ಅಲ್ಲಾಡ್ಲಿಲ್ಲ. ಮೋಟಾರ್ ಸದ್ದು ಬಂದು ಚಕ್ರ ತಿರುಗದೇ ಇದ್ರೆ ಹೆಚ್ಚಾಗಿ ಒಳಗಿನ ರಬ್ಬರ್ ಬೆಲ್ಟ್ ಹೋಗಿರುತ್ತೆ ಅಷ್ಟೇ, ಐದು ನಿಮಿಷದ ಕೆಲಸ ಅಂತ ಖುಷಿಯಿಂದ ತಗೊಂಡ್ರು. ಬೆಲ್ಟ್ ಹೋಗಿದೆ ಅನ್ನೋದು ಸರಿ ಇತ್ತು. ಐದು ನಿಮಿಷ ಅನ್ನೋದು ಮೂರು ಭಾನುವಾರ ಆಯ್ತು.

ಸ್ಕ್ರೂ ಬಿಚ್ಚಿ ನೋಡಿದ್ರೆ ಒಳಗೆ ಬೆಲ್ಟೇ ಇಲ್ಲ, ಬೆಲ್ಟ್ ಇದ್ದ ಜಾಗದಲ್ಲಿ ಡಾಂಬರು. ಕೆಲವು ಬೆಲ್ಟ್‌ಗಳು ವರ್ಷಗಟ್ಟಲೆ ಸೆಕೆ ಮತ್ತೆ ತೇವಕ್ಕೆ ಕರಗಿ ಕಪ್ಪು ಅಂಟಾಗಿಬಿಡ್ತವೆ, ಇದು ಹಳೇ ಟೇಪ್ ರೆಕಾರ್ಡರ್‌ಗಳ ಮಾಮೂಲಿ ಕಾಯಿಲೆ. ಆ ಅಂಟು ಕೈಗೆ ತಾಗಿದ್ರೆ ಸೋಪಿಗೆ ಹೋಗಲ್ಲ, ಕೈಯಿಂದ ಮೇಜಿಗೆ, ಮೇಜಿಂದ ಮಗಳ ಫ್ರಾಕಿಗೆ, ಫ್ರಾಕಿಂದ ಸೋಫಾಕ್ಕೆ. ಆ ಫ್ರಾಕ್ ಈಗ ಒರೆಸೋ ಬಟ್ಟೆ. ನೀವು ಈ ಕೆಲಸಕ್ಕೆ ಕೈ ಹಾಕೋದಾದ್ರೆ ಕೈಗವಸು ಹಾಕ್ಕೊಳ್ಳಿ, ಕೆಳಗೆ ದಪ್ಪಕ್ಕೆ ಪೇಪರ್ ಹಾಸಿ, ಮಕ್ಕಳನ್ನ ಮೊದಲ ಹಂತದಲ್ಲಿ ದೂರ ಇಡಿ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿ ಕಡ್ಡಿಯಿಂದ ಒರೆಸ್ಬೇಕು, ನಾವು ಒಂದು ಡಬ್ಬಿ ಕಡ್ಡಿ ಮುಗಿಸಿದ್ವಿ, ಕಿಟಕಿ ತೆಗೆದಿಟ್ಕೊಂಡು ಮಾಡ್ಬೇಕು, ಸ್ಟವ್ ಹತ್ರ ಅಂತೂ ಬೇಡವೇ ಬೇಡ. ಮೋಟಾರಿನ ಪುಟ್ಟ ರಾಟೆಯ ಕಣಿವೇಲಿ ಒಂದು ಚೂರು ಅಂಟು ಉಳಿದ್ರೂ ಹಾಡು ಅಲುಗಾಡುತ್ತೆ, ನಮಗೆ ಅದು ಎರಡನೇ ಭಾನುವಾರ ಗೊತ್ತಾಗಿದ್ದು.

ಆಮೇಲೆ ಬೆಲ್ಟ್ ಅಳತೆ. ಹಳೇದು ಕರಗಿ ಹೋಗಿರೋದ್ರಿಂದ ಯಾವ ಸೈಜ್ ಅಂತ ಕೇಳೋಣ? ಮೊದ್ಲು ಮನೇಲಿದ್ದ ರಬ್ಬರ್ ಬ್ಯಾಂಡ್ ಹಾಕಿ ನೋಡಿದ್ವಿ, ಹಾಡುವವರೆಲ್ಲ ನೀರೊಳಗೆ ನಿಂತು ಹಾಡಿದ ಹಾಗೆ ಬಂತು, ಅದು ಎಲ್ಲ ಕಡೆ ಒಂದೇ ದಪ್ಪ ಇರಲ್ಲ ಹಾಗಾಗಿ. ಅಂದಾಜಲ್ಲಿ ತಂದ ಮೊದಲ ಬೆಲ್ಟ್ ಸಡಿಲ, ಎರಡನೇದು ಎಷ್ಟು ಬಿಗಿ ಅಂದ್ರೆ ಮೋಟಾರ್ ನರಳೋಕೆ ಶುರು ಮಾಡ್ತು. ಕೊನೆಗೆ ಅತ್ತೆ ಹೇಳಿದ್ದು, ಅಲ್ಲಮ್ಮಾ, ರವಿಕೆಗೆ ಅಳತೆ ತಗೊಳ್ಳೋ ಹಾಗೆ ದಾರ ಸುತ್ತಿ ನೋಡಬಾರ್ದಾ ಅಂತ. ದಾರವನ್ನ ರಾಟೆ ಮತ್ತೆ ಚಕ್ರದ ಸುತ್ತ ಸುತ್ತಿ, ಆ ಉದ್ದಕ್ಕಿಂತ ನೂರಕ್ಕೆ 5ರಿಂದ 10 ಭಾಗ ಚಿಕ್ಕ ಬೆಲ್ಟ್ ತಗೊಂಡ್ರೆ ಸರಿಯಾಗಿ ಕೂರುತ್ತೆ. ಮೂರನೇದು ಕೂತ್ಕೊಂಡ್ತು.

ಇಷ್ಟಾದ್ರೂ ಹಾಡು ಸ್ವಲ್ಪ ಅವಸರದಲ್ಲಿ ಓಡ್ತಿತ್ತು. ಟೇಪ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡ್ಬೇಕು, ಹೆಚ್ಚು ಕಮ್ಮಿ ಆದ್ರೆ ಶ್ರುತೀನೂ ಏರಿಳಿಯುತ್ತೆ. ನಮ್ಮ ಮೋಟಾರಿನ ಬೆನ್ನಲ್ಲಿ ಒಂದು ಪುಟ್ಟ ತೂತು, ಅದರೊಳಗೆ ಸ್ಪೀಡ್ ತಿರುಗಿಸೋ ಸ್ಕ್ರೂ. ಮಗಳು ಫೋನಲ್ಲಿ ಅದೇ ಹಾಡು ಹಾಕಿ ಎರಡನ್ನೂ ಒಂದೇ ಕ್ಷಣಕ್ಕೆ ಶುರು ಮಾಡಿ, ಯಾವುದು ಮುಂದೆ ಹೋಗ್ತಿದೆ ಅಂತ ಕಿವಿ ಕೊಟ್ಟು ಹೇಳ್ತಾ ಹೋದ್ಲು, ಅವರಪ್ಪ ಕೂದಲೆಳೆಯಷ್ಟು ತಿರುಗಿಸ್ತಾ ಹೋದ್ರು. ಎರಡು ಹಾಡೂ ಕೊನೇವರೆಗೂ ಜೊತೇಲೇ ಓಡಿದಾಗ ಅತ್ತೆ ಒಳಗಿಂದ ಎದ್ದು ಬಂದು ಕೂತ್ರು. ಆ ಸಂಜೆ ನನಗೆ ಚೆನ್ನಾಗಿ ನೆನಪಿದೆ.

ಆದ್ರೆ ಕ್ಯಾಸೆಟ್ ಗೆದ್ದಿದ್ದು ರಿಪೇರಿಯಿಂದಲ್ಲ, ಅದರ ಕೆಂಪು ರೆಕಾರ್ಡ್ ಬಟನ್‌ನಿಂದ. ಉಳಿದೆರಡು ಬೇರೆಯವರ ಹಾಡು ಹಾಕ್ತವೆ ಅಷ್ಟೇ, ಇದು ನಮ್ಮದನ್ನ ಹಿಡಿಯುತ್ತೆ. ಈಗ ಸಂತೆಗೆ ಹೋದಾಗ ಮಗಳು ಅದನ್ನ ಹೆಗಲಿಗೆ ಹಾಕ್ಕೊಂಡು ಬರ್ತಾಳೆ, ಹಾಡೋರ ಹತ್ರ ಹೋಗಿ ಮೊದ್ಲು ಕೇಳ್ತಾಳೆ, ರೆಕಾರ್ಡ್ ಮಾಡ್ಕೊಳ್ಳಾ ಅಂತ. ಬಹಳ ಸಲ ಅವರು ನಕ್ಕು, ಮುಂದಕ್ಕೆ ಬಾ ಕೂತ್ಕೋ ಅಂತ ಜಾಗ ಮಾಡ್ಕೊಟ್ಟಿದ್ದಾರೆ. ಬೇಡ ಅಂದ್ರೆ ಬೇಡ, ಹಾಡು ಕೇಳಿ ತಟ್ಟೆಗೆ ದುಡ್ಡು ಹಾಕಿ ಬರ್ತೀವಿ. ಒಳಗಿನ ಮೈಕಿಗೆ ಬರೋ ಸದ್ದಿನ ಮಟ್ಟವನ್ನ ರೆಕಾರ್ಡರ್ ತಾನೇ ಏರಿಸಿ ಇಳಿಸುತ್ತೆ, ಹಾಗಾಗಿ ಹಾಡಿನ ನಡುವೆ ಮೌನ ಬಂದ್ರೆ ಹಿಂದಿನ ಗದ್ದಲವೆಲ್ಲ ಮೇಲೆ ಬರುತ್ತೆ, ಬಾಣಲೆಯ ಚುಂಯ್ ಸದ್ದು, ನನ್ನ ಮಗ ಇನ್ನೊಂದು ಬೇಕು ಅಂತ ಅಳೋದು. ಸ್ಟುಡಿಯೋ ಕೆಲಸಕ್ಕೆ ಅದು ದೋಷ. ನಮಗೆ ಅದೇ ಬೇಕಿತ್ತು.

ಒಂದು ತಪ್ಪು ಮಾತ್ರ ನನಗೆ ಈಗ್ಲೂ ಚುಚ್ಚುತ್ತೆ. ಅತ್ತೆ ಮೊದಲ ಸಲ ಜೋಗುಳ ಹಾಡಿದಾಗ ಹೊಸ ಟೇಪ್ ಹಾಕಿ ತಕ್ಷಣ ಶುರು ಮಾಡಿದ್ವಿ. ಟೇಪಿನ ತುದೀಲಿ ಕೆಲವು ಸೆಕೆಂಡಿನಷ್ಟು ಉದ್ದ ಬರೀ ಪ್ಲಾಸ್ಟಿಕ್ ಇರುತ್ತೆ, ಅದರಲ್ಲಿ ಏನೂ ರೆಕಾರ್ಡ್ ಆಗಲ್ಲ. ಮೊದಲ ಸಾಲೇ ಹೋಯ್ತು. ಆಮೇಲೆ ಮತ್ತೆ ಹಾಡಿದ್ರು, ಆದ್ರೆ ಮೊದಲ ಸಲ ಮಗ ಅವರ ಮಡಿಲಲ್ಲಿ ನಿದ್ದೆ ಹೋಗ್ತಾ ಇದ್ದ, ಆ ದನಿ ಬೇರೆ. ಈಗ ಟೇಪ್ ಹಾಕೋ ಮುಂಚೆ ಪೆನ್ಸಿಲ್ ತೂರಿಸಿ ಕಂದು ಬಣ್ಣ ಕಾಣೋವರೆಗೂ ಸುತ್ತಿಯೇ ಶುರು ಮಾಡ್ತೀವಿ.

ಹಳೇ ಟೇಪ್‌ಗಳ ಜೊತೆ ಬೇರೆಯವರ ಮನೆಯೂ ಬರುತ್ತೆ. ಒಂದರಲ್ಲಿ ಯಾವುದೋ ಮಗು ಮಗ್ಗಿ ಹೇಳ್ತಿದೆ, ಹಿಂದೆ ದೊಡ್ಡವರು ತಿದ್ದುತಿದ್ದಾರೆ. ಮಗ ಅದರ ಮೇಲೆ ತನ್ನದು ರೆಕಾರ್ಡ್ ಮಾಡ್ತೀನಿ ಅಂದ, ಮಗಳು ಬಿಡ್ಲಿಲ್ಲ. ಕ್ಯಾಸೆಟ್ಟಿನ ಬೆನ್ನ ಮೇಲೆ ಎರಡು ಪುಟ್ಟ ಪ್ಲಾಸ್ಟಿಕ್ ಕಿವಿ ಇರುತ್ತಲ್ಲ, ಅದನ್ನ ಮುರಿದ್ರೆ ಮೇಲೆ ಬೇರೆ ರೆಕಾರ್ಡ್ ಮಾಡೋಕಾಗಲ್ಲ. ಆ ಟೇಪಿನಲ್ಲಿ ಎರಡೂ ಕಿವಿ ಮುರಿದಿತ್ತು. ಯಾರೋ ಉಳಿಸ್ಬೇಕು ಅಂತ್ಲೇ ಮುರಿದಿದ್ದು, ನಾವೂ ಉಳಿಸಿದ್ದೀವಿ.

ಫೋನಲ್ಲಿ ಇನ್ನೂ ಚೆನ್ನಾಗಿ ರೆಕಾರ್ಡ್ ಆಗುತ್ತಲ್ಲ ಅಂತ ನನ್ನ ತಂಗಿ ಕೇಳಿದ್ಲು. ಆಗುತ್ತೆ. ಆದ್ರೆ ನನ್ನ ಫೋನಲ್ಲಿರೋ ನೂರಾರು ರೆಕಾರ್ಡಿಂಗ್‌ನಲ್ಲಿ ಒಂದನ್ನೂ ನಾವು ಒಟ್ಟಿಗೆ ಕೂತು ಕೇಳಿಲ್ಲ, ಕಪಾಟಿನಲ್ಲಿ ತಾರೀಕು ಬರೆದು ನಿಲ್ಲಿಸಿರೋ ಒಂಬತ್ತು ಟೇಪನ್ನ ತಿಂಗಳಿಗೊಂದು ಸಲವಾದ್ರೂ ಕೇಳ್ತೀವಿ.

ಕ್ಯಾಸೆಟ್ ರೆಕಾರ್ಡರ್ ತಗೊಳ್ಳೋದಾದ್ರೆ ನಿಮ್ಮದೇ ಬ್ಯಾಟರಿ ಮತ್ತೆ ಕಳೆದ್ರೂ ಪರ್ವಾಗಿಲ್ಲ ಅನ್ನೋ ಒಂದು ಟೇಪ್ ಜೇಬಲ್ಲಿರ್ಲಿ. ಬ್ಯಾಟರಿ ಡಬ್ಬೀಲಿ ಹಸಿರು ಬಿಳಿ ಪುಡಿ ಜಾಸ್ತಿ ಇದ್ರೆ ಬೇಡ. ಮೋಟಾರ್ ಸದ್ದೇ ಇಲ್ಲ ಅಂದ್ರೆ ಬೇಡ. ಟೇಪಿನ ಸುರುಳಿ ಮೇಲೆ ಬಿಳಿ ಬೂಜು ಇದ್ರೆ ಖಂಡಿತ ಹಾಕ್ಬೇಡಿ, ಆ ಬೂಜು ಟೇಪ್ ಓದೋ ಹೆಡ್‌ಗೆ ಹತ್ತಿ ಉಳಿದ ಟೇಪ್‌ಗಳಿಗೂ ಅಂಟುತ್ತೆ. 120 ನಿಮಿಷದ ಟೇಪ್ ತುಂಬ ತೆಳು, ಸಿಕ್ಕಿಹಾಕ್ಕೊಳ್ಳುತ್ತೆ, 60ರದ್ದು ಸಾಕು. ಹಾಡು ಮಂಕಾಗಿ ಕೇಳಿಸಿದ್ರೆ ಮೊದ್ಲು ಹೆಡ್ ಒರೆಸಿ, ಆಮೇಲೆ ಕ್ಯಾಸೆಟ್ಟಿನ ಬಾಯಲ್ಲಿ ಟೇಪಿನ ಹಿಂದೆ ಇರೋ ಪುಟ್ಟ ಮೆತ್ತೆ ಉದುರಿದ್ಯಾ ನೋಡಿ, ಎಸೆಯೋ ಮುಂಚೆ ಇದನ್ನ ನೋಡೋರೇ ಕಮ್ಮಿ.

ಬಜೆಟ್ ಕಮ್ಮಿ ಇದ್ದು ರಿಪೇರಿ ತಂಟೆ ಬೇಡ ಅನ್ನೋರು ಕಣ್ಣು ಮುಚ್ಕೊಂಡು ಸಿಡಿ ತಗೊಳ್ಳಿ. ಮನೇಲಿ ಕುಣಿಯೋ ಮಕ್ಕಳಿಲ್ಲ, ಮುಳ್ಳಿಗೆ ಆಗಾಗ ದುಡ್ಡು ತೆಗೆದಿಡೋಕಾಗುತ್ತೆ ಅಂದ್ರೆ ಎಲ್‌ಪಿ, ಕೇಳೋಕೆ ಅದರಷ್ಟು ಸುಖ ಯಾವುದೂ ಇಲ್ಲ. ನಾವು ರೆಕಾರ್ಡ್ ಪ್ಲೇಯರನ್ನ ನಮ್ಮವರ ಅಣ್ಣನ ಮನೆಗೆ ಕೊಟ್ವಿ, ಅತ್ತೆ ಆರಿಸಿದ 78 ಮಾತ್ರ ನಮ್ಮನೇಲೇ ಅತ್ತೆಯ ಮಂಚದ ಪಕ್ಕದ ಗೋಡೇಲಿದೆ. ಈಗ ಹುಡುಕ್ತಿರೋದು ಅದೇ ಮಾಡೆಲ್‌ನ ಇನ್ನೊಂದು ಕ್ಯಾಸೆಟ್ ರೆಕಾರ್ಡರ್, ಕೆಟ್ಟಿದ್ರೂ ಸರಿ, ಬಿಡಿಭಾಗಕ್ಕೆ ಬೇಕು. ಬೆಲ್ಟ್ ಅಳತೆಯ ದಾರ ನನ್ನ ಪರ್ಸಿನಲ್ಲೇ ಇಟ್ಕೊಂಡಿದ್ದೀನಿ.