ಸಂಗೀತ ಎಲ್ಲ ಕಡೆ ಸಿಗುತ್ತದೆ, ಮಾತು ಸಿಗುವುದಿಲ್ಲ: ವಿಲಿಸ್ ಕಾನೊವರ್ ರೇಡಿಯೊ ಸಂಗ್ರಹ ಕೇಳಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಹಳೆಯ ಜಾಝ್ ಸಂಗೀತ ಕೇಳಬೇಕು ಅನ್ನುವುದಷ್ಟೇ ನಿಮ್ಮ ಆಸೆಯಾದರೆ ಈ ಸಂಗ್ರಹದ ಕಡೆ ಹೋಗಲೇಬೇಡಿ. ಯಾವ ಮ್ಯೂಸಿಕ್ ಆ್ಯಪ್ ತೆರೆದರೂ ಡ್ಯೂಕ್ ಎಲಿಂಗ್ಟನ್ ಇದ್ದಾರೆ, ಲೂಯಿ ಆರ್ಮ್‌ಸ್ಟ್ರಾಂಗ್ ಇದ್ದಾರೆ, ಚಾರ್ಲಿ ಪಾರ್ಕರ್ ಅಂತೂ ಬೇಕಾದಷ್ಟಿದ್ದಾರೆ, ಸದ್ದೂ ಹಳೆಯ ಟೇಪಿಗಿಂತ ಶುದ್ಧ. ಆ್ಯಪ್‌ನಲ್ಲಿ ಇಲ್ಲದಿರುವುದು ಎರಡು ರೆಕಾರ್ಡುಗಳ ನಡುವೆ ಮೈಕ್ ಮುಂದೆ ಕೂತು, ಈಗ ಕೇಳಿದ್ದರಲ್ಲಿ ಡ್ರಮ್ಸ್ ನುಡಿಸಿದ್ದು ಯಾರು, ಅವರು ಅದಕ್ಕೂ ಮೊದಲು ಯಾರ ಬ್ಯಾಂಡಿನಲ್ಲಿದ್ದರು, ಮುಂದಿನದನ್ನು ಯಾಕೆ ಕಿವಿಗೊಟ್ಟು ಕೇಳಬೇಕು ಅಂತ ಹೇಳುತ್ತಿದ್ದ ಆ ಮನುಷ್ಯ. ಹಳೆಯ ಜಾಝ್ ರೇಡಿಯೊ ಅಂದರೆ ನನಗೆ ಮುಖ್ಯವಾಗಿ ಆ ಮನುಷ್ಯನೇ.

ಅಂಥವರಲ್ಲಿ ಒಬ್ಬರ ಟೇಪುಗಳು ಅಮೆರಿಕದ ಯೂನಿವರ್ಸಿಟಿ ಆಫ್ ನಾರ್ತ್ ಟೆಕ್ಸಸ್‌ನ ಲೈಬ್ರರಿಯಲ್ಲಿವೆ. ಅದರಲ್ಲಿ ಒಂದು ಭಾಗವನ್ನು ಡಿಜಿಟಲ್ ಮಾಡಿ ಯಾರು ಬೇಕಾದರೂ ಕೇಳಲಿ ಅಂತ ಆನ್‌ಲೈನ್ ಇಟ್ಟಿದ್ದಾರೆ, ದುಡ್ಡು ಕೊಡಬೇಕಿಲ್ಲ. ಹೆಸರು ವಿಲಿಸ್ ಕಾನೊವರ್. 1920ರಲ್ಲಿ ಹುಟ್ಟಿದವರು, 1996ರಲ್ಲಿ ತೀರಿಕೊಂಡರು. 1955ರ ಜನವರಿಯಲ್ಲಿ, ಅಮೆರಿಕ ಸರ್ಕಾರ ಹೊರದೇಶದವರಿಗಾಗಿ ನಡೆಸುತ್ತಿದ್ದ ರೇಡಿಯೊ ವಾಯ್ಸ್ ಆಫ್ ಅಮೆರಿಕದಲ್ಲಿ ಅವರ ಕಾರ್ಯಕ್ರಮ ಶುರುವಾಯಿತು, ಆಮೇಲೆ ನಾಲ್ಕು ದಶಕಗಳ ಕಾಲ ನಡೆಯಿತು. ವಾರದಲ್ಲಿ ಆರು ರಾತ್ರಿ. ಮೊದಲ ಗಂಟೆ ಜನಪ್ರಿಯ ಸಂಗೀತ, ಎರಡನೆಯ ಗಂಟೆ ಜಾಝ್. ಎಲಿಂಗ್ಟನ್ ಬ್ಯಾಂಡಿನ 'ಟೇಕ್ ದಿ ಎ ಟ್ರೈನ್' ಶುರುವಾದರೆ ಮುಗಿಯಿತು, ಯುರೋಪಿನ ಅರ್ಧ ಭಾಗದಲ್ಲಿ ಜನ ರೇಡಿಯೊದ ಹತ್ತಿರ ಸರಿದು ಕೂರುತ್ತಿದ್ದರು.

ಇದರಲ್ಲೊಂದು ತಮಾಷೆ ಇದೆ. ಇಷ್ಟು ದೊಡ್ಡ ರೇಡಿಯೊ ಹೆಸರನ್ನು ಅಮೆರಿಕದ ಸಾಮಾನ್ಯ ಜನ ಕೇಳಿಯೇ ಇರಲಿಲ್ಲ. 1948ರ ಸ್ಮಿತ್-ಮಂಟ್ ಕಾಯ್ದೆ ಇತ್ತಲ್ಲ, ಅದರಿಂದಾಗಿ ವಾಯ್ಸ್ ಆಫ್ ಅಮೆರಿಕದ ಕಾರ್ಯಕ್ರಮಗಳನ್ನು ದೇಶದ ಒಳಗೆ ಪ್ರಸಾರ ಮಾಡುವ ಹಾಗಿರಲಿಲ್ಲ. ಸರ್ಕಾರ ತನ್ನದೇ ಜನರ ಮೇಲೆ ಪ್ರಚಾರ ಮಾಡಬಾರದು ಅನ್ನುವ ಯೋಚನೆ. ಯೋಚನೆ ಸರಿಯೇ, ಆದರೆ ಅದಕ್ಕೆ ಬಲಿಯಾದದ್ದು ಒಬ್ಬ ಜಾಝ್ ಅನೌನ್ಸರ್. 1959ರಲ್ಲಿ ಅವರು ವಾರ್ಸಾಗೆ ಹೋದಾಗ ವಿಮಾನ ನಿಲ್ದಾಣದಲ್ಲಿ ದೊಡ್ಡ ಗುಂಪು ಕಾಯುತ್ತಿತ್ತಂತೆ. ಯಾರೋ ದೊಡ್ಡವರು ಬರುತ್ತಿದ್ದಾರೆ ಅಂದುಕೊಂಡರಂತೆ ಕಾನೊವರ್. ಜನ ಬಂದಿದ್ದು ಅವರಿಗಾಗಿ! ಅದೇ ಮನುಷ್ಯ ವಾಷಿಂಗ್ಟನ್‌ನ ರಸ್ತೆಯಲ್ಲಿ ನಡೆದರೆ ತಿರುಗಿ ನೋಡುವವರು ಯಾರೂ ಇರಲಿಲ್ಲ.

ಇನ್ನು ಕೇಳುವ ಅನುಭವ. ಅಮೆರಿಕನ್ ಇಂಗ್ಲಿಷ್ ಅಂದರೆ ಹೆದರುವವರು ಹೆದರಬೇಡಿ. ಕಾನೊವರ್ ಮಾತಾಡುತ್ತಿದ್ದದ್ದೇ ಇಂಗ್ಲಿಷ್ ತಮ್ಮ ಭಾಷೆ ಅಲ್ಲದವರ ಜೊತೆ. ತಗ್ಗಿನ, ತುಂಬಿದ ದನಿ. ಒಂದೊಂದು ಪದವನ್ನೂ ಬಿಡಿಸಿ ಹೇಳುತ್ತಾರೆ, ವಾಕ್ಯಗಳು ಚಿಕ್ಕವು, ಕಷ್ಟದ ಪದ ಇಲ್ಲವೇ ಇಲ್ಲ. ಶಾರ್ಟ್‌ವೇವ್‌ನಲ್ಲಿ ಸದ್ದು ಏಳುತ್ತ ಬೀಳುತ್ತ ಬರುತ್ತಿದ್ದರೂ ಅರ್ಥವಾಗಬೇಕಿತ್ತಲ್ಲ, ಅದಕ್ಕೇ ಹಾಗೆ. ಅವರ ಮಾತು ಕೇಳಿ ಇಂಗ್ಲಿಷ್ ಕಲಿತೆವು ಅಂದ ರಷ್ಯನ್ನರು, ಪೋಲಿಷ್ ಜನ ಎಷ್ಟೋ ಮಂದಿ. ಇವತ್ತು ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಆ ನಿಧಾನ ಮೊದಲು ಸ್ವಲ್ಪ ವಿಚಿತ್ರ ಅನ್ನಿಸುತ್ತದೆ, ಆಮೇಲೆ ಒಗ್ಗಿಹೋಗುತ್ತದೆ, ಆಮೇಲೆ ಈಗಿನ ಪಾಡ್‌ಕಾಸ್ಟ್‌ಗಳಲ್ಲಿ ಇಬ್ಬರು ಒಬ್ಬರ ಮೇಲೊಬ್ಬರು ಬಿದ್ದು ಮಾತಾಡುವುದನ್ನು ಸಹಿಸುವುದೇ ಕಷ್ಟವಾಗುತ್ತದೆ.

ಸಂದರ್ಶನಗಳು ನನಗೆ ಬಹಳ ಇಷ್ಟ. ಕಾನೊವರ್ ಮಾತಾಡಿಸಿದವರಲ್ಲಿ ಎಲಿಂಗ್ಟನ್ ಇದ್ದಾರೆ, ಆರ್ಮ್‌ಸ್ಟ್ರಾಂಗ್ ಇದ್ದಾರೆ, ಬಿಲ್ಲಿ ಹಾಲಿಡೇ ಇದ್ದಾರೆ. ಪಿಯಾನೊದ ಆರ್ಟ್ ಟೇಟಂ ಜೊತೆ 1955ರಲ್ಲಿ ಮಾತಾಡಿದ್ದರು, ಮಾರನೆಯ ವರ್ಷವೇ ಟೇಟಂ ಹೋಗಿಬಿಟ್ಟರು. ಕಾನೊವರ್ ಪ್ರಶ್ನೆಗಳಲ್ಲಿ ಒಣ ಜಂಬ ಇಲ್ಲ. ಕೇಳುತ್ತಾರೆ, ಸುಮ್ಮನಾಗುತ್ತಾರೆ. ಎದುರಿನವರು ತಡಕಾಡಿದರೂ ಮಧ್ಯೆ ಬಾಯಿ ಹಾಕುವುದಿಲ್ಲ. ರಾಜಕೀಯದ ಹತ್ತಿರವೂ ಸುಳಿಯುವುದಿಲ್ಲ, ಶೀತಲ ಸಮರ ಜೋರಾಗಿದ್ದ ಕಾಲದಲ್ಲಿ ಸರ್ಕಾರಿ ರೇಡಿಯೊದಲ್ಲಿ ಕೂತು ಅದನ್ನು ಮಾಡದೆ ಇರುವುದೂ ಒಂದು ಜಾಣತನವೇ ಅಲ್ವಾ.

ಒಂದು ಮಾತು ನೆನಪಿರಲಿ, ಇದು ರಿಸರ್ಚ್ ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಲೈಬ್ರರಿ. ನಿಮ್ಮ ರುಚಿ ನೋಡಿ ಮುಂದಿನದನ್ನು ತಾನೇ ಹಾಕುವ ಆ್ಯಪ್ ಅಲ್ಲ. ಏನು ಬೇಕು ಅಂತ ನಿಮಗೆ ಗೊತ್ತಿರಬೇಕು. ಕಲಾವಿದರ ಹೆಸರಿನಿಂದ ಹುಡುಕಿ, ಅದೇ ಸುಲಭದ ದಾರಿ. ಇಸವಿ ಹಿಡಿದು ಹುಡುಕುತ್ತ ಕೂತರೆ ಸಂಜೆ ಕಳೆದುಹೋಗುತ್ತದೆ, ಅದೂ ಒಂದು ಸುಖವೇ ಬಿಡಿ.

ಕಾನೊವರ್ ಬಗ್ಗೆ ನನಗಿರುವ ತಕರಾರು ಬೇರೆಯದು. ಇಡೀ ಜಗತ್ತಿಗೆ ಮಾಡಿದ ಕಾರ್ಯಕ್ರಮದಲ್ಲಿ ಊರು ಇರುವುದಿಲ್ಲ. ಮಳೆ ಬರುತ್ತಿದೆಯೋ, ಇವತ್ತು ರಾತ್ರಿ ಯಾವ ಕ್ಲಬ್ಬಿನಲ್ಲಿ ಯಾರು ನುಡಿಸುತ್ತಾರೋ, ಯಾವ ಅಂಗಡಿಗೆ ಹೊಸ ಎಲ್‌ಪಿ ಬಂದಿದೆಯೋ, ಒಂದೂ ಇಲ್ಲ. ಕೇಳುಗರು ಫೋನ್ ಮಾಡಿ 'ಅದನ್ನು ಇನ್ನೊಂದು ಸಲ ಹಾಕಿ ಸ್ವಾಮಿ' ಅನ್ನುವುದಿಲ್ಲ. ಅವೆಲ್ಲ ಇದ್ದದ್ದು ಲೋಕಲ್ ಸ್ಟೇಷನ್‌ಗಳಲ್ಲಿ. ನೆನಪಿಟ್ಟುಕೊಂಡವರು ಹೆಚ್ಚಾಗಿ ನೆನೆಯುವುದೂ ಅವನ್ನೇ. ಸರ್ಕಾರಿ ರೇಡಿಯೊ ಟೇಪ್ ಮಾಡಿ ಕಳಿಸಬೇಕಿತ್ತು, ಹಾಗಾಗಿ ಟೇಪ್ ಉಳಿಯಿತು. ಲೋಕಲ್ ಸ್ಟೇಷನ್‌ನವರು ರಾತ್ರಿ ಹನ್ನೊಂದಕ್ಕೆ ನೇರವಾಗಿ ಮಾತಾಡಿ, ಟರ್ನ್‌ಟೇಬಲ್ ಮೇಲೆ ರೆಕಾರ್ಡು ಇಟ್ಟು, ಮುಗಿದ ಮೇಲೆ ಲೈಟ್ ಆರಿಸಿ ಮನೆಗೆ ಹೋದರು. ಟೇಪಿಗೆ ದುಡ್ಡು ಬೇಕು, ಇದ್ದ ಟೇಪಿನ ಮೇಲೇ ಮತ್ತೆ ಮತ್ತೆ ರೆಕಾರ್ಡ್ ಮಾಡುವುದು ವಾಡಿಕೆ. ನಾಳೆ ಇದನ್ನು ಯಾರು ಕೇಳುತ್ತಾರೆ ಅನ್ನುವ ಲೆಕ್ಕ.

ಸ್ಟೇಷನ್‌ಗಳೇ ಉಳಿಯಲಿಲ್ಲ, ಟೇಪಿನ ಮಾತು ಎಲ್ಲಿ ಬಂತು. ನ್ಯೂಯಾರ್ಕಿನ ಡಬ್ಲ್ಯುಆರ್‌ವಿಆರ್ 1970ರ ದಶಕದಲ್ಲಿ ಆ ನಗರದ ಜಾಝ್ ದನಿಯಾಗಿತ್ತು, 1980ರ ಸೆಪ್ಟೆಂಬರ್‌ನಲ್ಲಿ ಅದೇ ಫ್ರೀಕ್ವೆನ್ಸಿಯಲ್ಲಿ ಕಂಟ್ರಿ ಮ್ಯೂಸಿಕ್ ಶುರುವಾಯಿತು. ಸ್ಯಾನ್ ಫ್ರಾನ್ಸಿಸ್ಕೊ ಕಡೆಯ ಕೆಜಾಝ್ 1959ರಿಂದ ನಡೆದು 1994ರಲ್ಲಿ ನಿಂತಿತು. ವಾಷಿಂಗ್ಟನ್‌ನಲ್ಲಿ ಒಂದು ಯೂನಿವರ್ಸಿಟಿಯ ಕೈಯಲ್ಲಿದ್ದ ಡಬ್ಲ್ಯುಡಿಸಿಯು 1997ರಲ್ಲಿ 1.3 ಕೋಟಿ ಡಾಲರ್‌ಗೆ ಮಾರಾಟವಾಗಿ ಸಿ-ಸ್ಪ್ಯಾನ್ ಸಂಸ್ಥೆಯ ಪಾಲಾಯಿತು. ಸೋಲೊ ಬರುತ್ತಿದ್ದ ಜಾಗದಲ್ಲಿ ಸಂಸತ್ತಿನ ಚರ್ಚೆ. ಕಾರಣ ಎಲ್ಲರಿಗೂ ಗೊತ್ತಿರುವುದೇ. ದೊಡ್ಡ ನಗರದ ಎಫ್‌ಎಂ ಫ್ರೀಕ್ವೆನ್ಸಿಗೆ ಸೈಟಿನ ಹಾಗೆ ಬೆಲೆ ಏರಿತು, ಕಡಿಮೆ ಜನ ಕೇಳುವ ಸಂಗೀತ ಆ ಬೆಲೆಯ ಜಾಗದಲ್ಲಿ ಬಾಡಿಗೆ ಕಟ್ಟಲಾಗಲಿಲ್ಲ.

ಹಾಗಾದರೆ ಲೋಕಲ್ ರೇಡಿಯೊದಲ್ಲಿ ಏನಾದರೂ ಉಳಿದಿದೆಯಾ? ಇದೆ, ಆದರೆ ಬಹಳಷ್ಟನ್ನು ಉಳಿಸಿದವರು ಸ್ಟೇಷನ್‌ಗಳ ಹೊರಗಿನ ಹುಚ್ಚರು. ಬಿಲ್ ಸೇವರಿ ಅಂತ ಒಬ್ಬ ಸೌಂಡ್ ಎಂಜಿನಿಯರ್ ಇದ್ದರು. 1930ರ ದಶಕದ ಕೊನೆಯಲ್ಲಿ ರಾತ್ರಿ ರೇಡಿಯೊದಲ್ಲಿ ಬರುತ್ತಿದ್ದ ಬ್ಯಾಂಡುಗಳನ್ನು ಡಿಸ್ಕಿಗೆ ಇಳಿಸಿಟ್ಟುಕೊಂಡಿದ್ದರು. ಮಾಮೂಲಿ 78 ಆರ್‌ಪಿಎಂ ರೆಕಾರ್ಡಿನಲ್ಲಿ ಸುಮಾರು ಮೂರು ನಿಮಿಷಕ್ಕೆ ಹಾಡು ಮುಗಿಯಲೇಬೇಕಿತ್ತು. ಇವರ ದೊಡ್ಡ ಡಿಸ್ಕುಗಳಲ್ಲಿ ಅದೇ ಕಲಾವಿದರು ಬೇಕಾದಷ್ಟು ಹೊತ್ತು ನುಡಿಸಿದ್ದಾರೆ. ಸೇವರಿ ತೀರಿಕೊಂಡ ಮೇಲೆ, 2010ರಲ್ಲಿ, ಹಾರ್ಲೆಮ್‌ನ ನ್ಯಾಷನಲ್ ಜಾಝ್ ಮ್ಯೂಸಿಯಂ ಆ ಸಾವಿರಕ್ಕೆ ಹತ್ತಿರದ ಡಿಸ್ಕುಗಳನ್ನು ಕೊಂಡಿತು. ಜನರ ಕಿವಿಗೆ ಬೀಳಲು ಇನ್ನೂ ಆರು ವರ್ಷ ಹಿಡಿಯಿತು, ಹಕ್ಕು ಯಾರದ್ದು ಅಂತ ಬಿಡಿಸುವುದೇ ದೊಡ್ಡ ಕೆಲಸ. ಈಗ ಅದರಲ್ಲಿ ಒಂದಿಷ್ಟು ಆಲ್ಬಂ ರೂಪದಲ್ಲಿ ಸಿಗುತ್ತದೆ. ದುಡ್ಡು ಕೊಟ್ಟು ತಗೊಳ್ಳುವುದಿದ್ದರೆ ನಾನು ಮೊದಲು ತೋರಿಸುವುದು ಇದನ್ನೇ.

ರೇಡಿಯೊ ಅನೌನ್ಸರ್ ಸಿಂಫನಿ ಸಿಡ್ ಟೋರಿನ್ ದನಿ ಉಳಿದದ್ದೂ ಹೀಗೆಯೇ. 1948-49ರಲ್ಲಿ ನ್ಯೂಯಾರ್ಕಿನ ರಾಯಲ್ ರೂಸ್ಟ್ ಕ್ಲಬ್ಬಿನಿಂದ ಚಾರ್ಲಿ ಪಾರ್ಕರ್ ಸ್ಯಾಕ್ಸೊಫೋನ್ ನುಡಿಸುವುದನ್ನು ಸಿಡ್ ನೇರ ಪ್ರಸಾರ ಮಾಡುತ್ತಿದ್ದರು, ಬೋರಿಸ್ ರೋಸ್ ಅನ್ನುವವರು ಅಂಥ ಪ್ರಸಾರಗಳನ್ನು ಕೂತು ರೆಕಾರ್ಡ್ ಮಾಡಿಕೊಳ್ಳುತ್ತಿದ್ದರು. ಇಂಥ ರೆಕಾರ್ಡಿಂಗ್‌ಗೆ ಈ ಲೋಕದಲ್ಲಿ ಏರ್‌ಚೆಕ್ ಅನ್ನುತ್ತಾರೆ. ಸಿಡ್ ಕಾನೊವರ್‌ಗೆ ಪೂರ್ತಿ ಉಲ್ಟಾ. ಬಾಯಿ ಬಡುಕ, ಕ್ಲಬ್ಬಿನ ಭಾಷೆ. ಗಂಭೀರ ಕೇಳುಗರಿಗೆ ಕಿರಿಕಿರಿ. ಆದರೆ ಆ ಗದ್ದಲ ಕತ್ತರಿಸಿ ಬರೀ ಸ್ಯಾಕ್ಸೊಫೋನ್ ಉಳಿಸಿದ ಆವೃತ್ತಿ ಕೇಳಿ ನೋಡಿ. ಏನೋ ಖಾಲಿ. ಜನ ತುಂಬಿದ ಕೋಣೆ ಹೋಗಿ ಸ್ಟುಡಿಯೊ ಆದ ಹಾಗಿರುತ್ತದೆ.

ಇವತ್ತಿಗೂ ಜೀವಂತವಾಗಿರುವುದು ಬೇಕು ಅಂದರೆ ಕೊಲಂಬಿಯ ಯೂನಿವರ್ಸಿಟಿಯ ವಿದ್ಯಾರ್ಥಿಗಳು ನಡೆಸುವ ಡಬ್ಲ್ಯುಕೆಸಿಆರ್, ನ್ಯೂಯಾರ್ಕಿನಲ್ಲಿ 89.9 ಎಫ್‌ಎಂ, ಬೇರೆಯವರಿಗೆ ಇಂಟರ್‌ನೆಟ್ ಸ್ಟ್ರೀಮ್. ಇಲ್ಲಿ ಫಿಲ್ ಶಾಪ್ 1970ರಿಂದ ಇದ್ದರು, 1981ರಿಂದ 'ಬರ್ಡ್ ಫ್ಲೈಟ್' ನಡೆಸಿದರು. ವಾರದ ದಿನಗಳಲ್ಲಿ ಬೆಳಗ್ಗೆ ಬೆಳಗ್ಗೆ ಬರೀ ಚಾರ್ಲಿ ಪಾರ್ಕರ್! ಪಾರ್ಕರ್ ಬದುಕಿದ್ದದ್ದು 34 ವರ್ಷ, ಈ ಕಾರ್ಯಕ್ರಮ ನಡೆದದ್ದು ಅದಕ್ಕಿಂತ ಜಾಸ್ತಿ. ಶಾಪ್ ಮಾತು ಶುರು ಮಾಡಿದರೆ ಯಾವ ದಿನ, ಯಾವ ಸ್ಟುಡಿಯೊ, ಎಷ್ಟನೆಯ ಟೇಕ್, ಟ್ರಂಪೆಟ್‌ನವರು ಬದಲಾದದ್ದು ಯಾಕೆ, ಹೀಗೆ ಹೋಗುತ್ತಲೇ ಇರುತ್ತಾರೆ, ಸಂಗೀತ ಯಾವಾಗ ಬರುತ್ತದೆ ಅಂತ ಕಾಯಬೇಕು. ಇದು ಹುಚ್ಚು ಅಂತ ಹೇಳಿದವರಿದ್ದಾರೆ. ನನಗೆ ಇದೇ ಬೇಕು. ಅಷ್ಟೆಲ್ಲ ಕೇಳಿದ ಮೇಲೆ ಬರುವ ಮೂರು ನಿಮಿಷದ ರೆಕಾರ್ಡು ಮೊದಲಿನ ರೆಕಾರ್ಡಾಗಿ ಉಳಿದಿರುವುದಿಲ್ಲ. 2021ರಲ್ಲಿ ಅಮೆರಿಕ ಸರ್ಕಾರದ ಕಲಾ ಸಂಸ್ಥೆ ಅವರಿಗೆ ಜಾಝ್ ಮಾಸ್ಟರ್ ಗೌರವ ಕೊಟ್ಟಿತು, ಅದೇ ಸೆಪ್ಟೆಂಬರ್‌ನಲ್ಲಿ ಅವರು ಹೋದರು.

ಇಂಥ ಡಿಸ್ಕುಗಳ ವಂಶಾವಳಿ ಬೇಡ, ಸರಳವಾಗಿ ಬೇಕು ಅನ್ನುವವರಿಗೆ ಪಿಯಾನೊ ಕಲಾವಿದೆ ಮೇರಿಯನ್ ಮೆಕ್‌ಪಾರ್ಟ್‌ಲ್ಯಾಂಡ್ ಅವರ 'ಪಿಯಾನೊ ಜಾಝ್' ಸರಿ. ಇದು ಲೋಕಲ್ ಅಲ್ಲ, 1979ರಿಂದ ಎನ್‌ಪಿಆರ್ ಅನ್ನುವ ಸಾರ್ವಜನಿಕ ರೇಡಿಯೊ ಜಾಲದ ಮೂಲಕ ಅಮೆರಿಕ ಪೂರ್ತಿ ಬಂದದ್ದು. ಎರಡು ಪಿಯಾನೊ, ಇಬ್ಬರು ಕಲಾವಿದರು, ಮಾತು ಮತ್ತು ನುಡಿಸಾಟ. ಪಿಯಾನೊದ ಬಿಲ್ ಎವನ್ಸ್ ಬಂದಿದ್ದ ಕಂತು ಮಾತ್ರ ಬಿಡಬೇಡಿ. ಒಂದು ಹಾಡನ್ನು ಹೇಗೆ ಬಿಚ್ಚಿ ನೋಡುತ್ತೇನೆ ಅಂತ ಅವರು ನುಡಿಸಿಯೇ ತೋರಿಸುತ್ತಾರೆ, ಸಂಗೀತ ಓದಲು ಬಾರದವರಿಗೂ ಏನೋ ಹಿಡಿತಕ್ಕೆ ಸಿಗುತ್ತದೆ.

ಅಂಕ ಕೊಡಲೇಬೇಕು ಅಂದರೆ ಕಾನೊವರ್ ಸಂಗ್ರಹಕ್ಕೆ ಐದಕ್ಕೆ ನಾಲ್ಕು. ಕಳೆದ ಒಂದು ಅಂಕ ಆ ಕಾಣೆಯಾದ ಊರಿಗೆ. ಜಾಝ್ ಈಗಷ್ಟೇ ಕೇಳಲು ಶುರು ಮಾಡಿದವರು ಸಂದರ್ಶನಗಳಿಂದ ಶುರು ಮಾಡಿ, ಮಾಮೂಲಿ ಕಂತುಗಳನ್ನು ಆಮೇಲೆ ನೋಡಿಕೊಳ್ಳಬಹುದು. ಈಗಾಗಲೇ ರೆಕಾರ್ಡು ಪೇರಿಸಿಟ್ಟುಕೊಂಡಿರುವವರು ನೇರ ಸೇವರಿ ಡಿಸ್ಕುಗಳಿಗೆ ಹೋಗಿ. ಇಬ್ಬರೂ ಆಗಸ್ಟ್ 27ನ್ನು ಗುರುತು ಮಾಡಿಟ್ಟುಕೊಳ್ಳಿ. ಅವತ್ತು ಸ್ಯಾಕ್ಸೊಫೋನ್‌ನ ಲೆಸ್ಟರ್ ಯಂಗ್ ಹುಟ್ಟಿದ ದಿನ, 29 ಪಾರ್ಕರ್ ಹುಟ್ಟಿದ ದಿನ. ಈ ಎರಡನ್ನೂ ಸೇರಿಸಿ ಡಬ್ಲ್ಯುಕೆಸಿಆರ್‌ನಲ್ಲಿ ಹಗಲೂ ರಾತ್ರಿ ಇವರಿಬ್ಬರನ್ನೇ ಹಾಕುವುದು ಹಳೆಯ ಪದ್ಧತಿ. ನ್ಯೂಯಾರ್ಕ್ ಗಡಿಯಾರ ನೋಡಿಕೊಂಡು ಹಚ್ಚಿ, ಮಧ್ಯೆ ಯಾರಾದರೂ ವಿದ್ಯಾರ್ಥಿ ಮಾತಾಡಲು ಶುರು ಮಾಡಿದರೆ ವಾಲ್ಯೂಮ್ ಇಳಿಸಬೇಡಿ.