ಕಂಡಕ್ಟರ್ ಇಲ್ಲದ ಗಾಡಿಯಲ್ಲಿ ಹನ್ನೊಂದು ವರ್ಷ

ಸ್ಟಾರ್: 5ಕ್ಕೆ 4.

ನಿಂತುಹೋದ ಗಾಡಿಗೆ ಈಗ ವಿಮರ್ಶೆ ಬರೆಯುವುದೆಂದರೆ ಎಲೆ ಎತ್ತಿದ ಮೇಲೆ ಸಾರಿಗೆ ಉಪ್ಪು ಸಾಲದು ಅಂದಹಾಗೆ. ಆದರೂ ಮೊನ್ನೆ ಲ್ಯಾಬಿಗೆ ಹೊಸದಾಗಿ ಬಂದ ಹುಡುಗಿಯೊಬ್ಬಳು ನನ್ನ ಫೋನಿನಲ್ಲಿದ್ದ ಹಳೇ ಫೋಟೋ ನೋಡಿ "ಇದ್ಯಾವ ಊರಿನ ಮೆಟ್ರೋ ಅಕ್ಕಾ?" ಅಂದಳು. ನಮ್ಮದೇ ಊರು, ಇಂಡಿಯಾನಾಪೊಲಿಸ್ ಅಂದರೆ ನಂಬಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಗಾಡಿಯ ಹೆಸರು ಪೀಪಲ್ ಮೂವರ್. ಮೆಥಡಿಸ್ಟ್ ಆಸ್ಪತ್ರೆ ಇರುವುದು 16ನೇ ಬೀದಿಯ ಕಡೆ. ರೈಲಿ ಮಕ್ಕಳ ಆಸ್ಪತ್ರೆ, ಯೂನಿವರ್ಸಿಟಿ ಆಸ್ಪತ್ರೆ ಮತ್ತು ವೈದ್ಯಕೀಯ ಕಾಲೇಜು ಇರುವುದು ಐ-65 ಹೆದ್ದಾರಿಯ ಈಚೆ. 1997ರಲ್ಲಿ ಈ ಮೂರೂ ಆಸ್ಪತ್ರೆಗಳು ಕ್ಲೇರಿಯನ್ ಎಂಬ ಒಂದೇ ಸಂಸ್ಥೆಯ ಕೆಳಗೆ ಬಂದವು. ಮನೆ ಒಂದಾಯಿತು, ಅಡುಗೆಮನೆಗೂ ಪಡಸಾಲೆಗೂ ನಡುವೆ ಮಾತ್ರ ಹೆದ್ದಾರಿ. ಅದನ್ನು ದಾಟಿಸಲು ಸುಮಾರು 44 ಮಿಲಿಯನ್ ಡಾಲರ್ ಹಾಕಿ, ಕಂಬಗಳ ಮೇಲೆ 2.3 ಕಿಲೋಮೀಟರ್ ಜೋಡಿ ದಾರಿ ಕಟ್ಟಿ, 2003ರ ಜೂನ್‌ನಲ್ಲಿ ಗಾಡಿ ಬಿಟ್ಟರು. ರಬ್ಬರ್ ಚಕ್ರ, ಕರೆಂಟು, ಮೂರು ಡಬ್ಬಿ, ಡ್ರೈವರ್ ಇಲ್ಲ. ಕೆಳಗೆ ಊರಿನ ರಸ್ತೆ, ಮೇಲೆ ಖಾಸಗಿಯವರ ಗಾಡಿ. ಹೀಗೆ ಊರಿನ ರಸ್ತೆಗಳ ಮೇಲಿಂದ ಹಾಯುವ ಖಾಸಗಿ ಗಾಡಿ ಅಮೆರಿಕದಲ್ಲಿ ಇದೊಂದೇ ಅಂತ ಆಗ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. 2011ರಲ್ಲಿ ಸಂಸ್ಥೆಯ ಹೆಸರು ಐಯು ಹೆಲ್ತ್ ಆಯಿತು, ಗಾಡಿ ಹಾಗೇ ಓಡಿತು. ರೋಗಿಯೇ ಆಗಿರಬೇಕೆಂದಿಲ್ಲ, ಯಾರು ಬೇಕಾದರೂ ಹತ್ತಬಹುದಿತ್ತು. ಕಾಸು ಕೊಡಬೇಕಿರಲಿಲ್ಲ.

ನಾನು 2008ರಿಂದ ಹತ್ತಿದವಳು. ಲ್ಯಾಬ್ ಈಚೆ, ವಾರಕ್ಕೆರಡು ಮೀಟಿಂಗ್ ಆಚೆ. ಕಾರು ತೆಗೆದು, ಅಲ್ಲಿ ಪಾರ್ಕಿಂಗ್ ಹುಡುಕಿ, ವಾಪಸ್ ಬರುವಷ್ಟರಲ್ಲಿ ಅರ್ಧ ಬೆಳಗ್ಗೆ ಮುಗಿಯುತ್ತಿತ್ತು. ಗಾಡಿಯಲ್ಲಾದರೆ ಕೂತು ಎರಡು ಮೇಲ್ ಓದುವುದರಲ್ಲಿ ಆಚೆ ದಡ. ಜನವರಿಯಲ್ಲಿ ಕೆಳಗೆ ಕಾರುಗಳು ಹಿಮದಲ್ಲಿ ಇರುವೆ ಸಾಲಿನಂತೆ ತೆವಳುತ್ತಿದ್ದರೆ ಮೇಲಿಂದ ನೋಡುವುದರಲ್ಲಿ ಒಂದು ಸಣ್ಣ ಸೊಕ್ಕೂ ಇತ್ತು, ಸುಳ್ಳು ಯಾಕೆ ಹೇಳಲಿ. ಡ್ರೈವರ್ ಇಲ್ಲವಲ್ಲ, ಹಾಗಾಗಿ ಮುಂದಿನ ಗಾಜು ಪೂರ್ತಿ ಮಕ್ಕಳ ಪಾಲು. ತಲೆಗೂದಲು ಉದುರಿದ ಒಂದು ಪುಟ್ಟ ಹುಡುಗ ಎರಡೂ ಕೈ ಗಾಜಿಗೆ ಒತ್ತಿ, ಬಾಯಲ್ಲೇ ಗೇರ್ ಹಾಕುತ್ತಾ ಗಾಡಿ ಓಡಿಸಿದ್ದನ್ನು ನೋಡಿದ್ದೇನೆ. ಇಳಿಯುವ ಜಾಗ ಬಂದರೂ ಅವನಮ್ಮ ಅವನನ್ನು ಇಳಿಸಲಿಲ್ಲ. ಇನ್ನೊಂದು ಸುತ್ತು ಹೋದರು.

2012ರ ಬೇಸಿಗೆಯಲ್ಲಿ ಅಪ್ಪ ಬಂದಿದ್ದರು. ಹಾಸನದ ಡಿಪೋದಲ್ಲಿ ಮೂವತ್ತೊಂದು ವರ್ಷ ಕೆಎಸ್‌ಆರ್‌ಟಿಸಿ ಕಂಡಕ್ಟರ್ ಆಗಿ ರಿಟೈರ್ ಆದವರು. ಈ ಗಾಡಿ ಹತ್ತಿಸಿದೆ. ಬಾಗಿಲು ತಾನೇ ಮುಚ್ಚಿತು. ಅಪ್ಪ ಕೂರಲಿಲ್ಲ. ಸೀಟಿನ ಅಂಚಿಗೆ ಸೊಂಟ ಆನಿಸಿ, ಕಾಲು ಅಗಲಿಸಿ, ಎರಡೂ ಕೈ ಖಾಲಿ ಬಿಟ್ಟುಕೊಂಡು ನಿಂತರು. ಟಿಕೆಟ್ ಹರಿಯುವವರು ನಿಲ್ಲುವ ಭಂಗಿ ಅದು. ತಿರುವಿನಲ್ಲಿ ನಾನು ಕಂಬಿ ಹಿಡಿದೆ, ಅವರು ಅಲ್ಲಾಡಲಿಲ್ಲ.

"ಟಿಕೆಟ್ ಎಲ್ಲಿ ತಗೋಬೇಕು?"

"ಟಿಕೆಟ್ ಇಲ್ಲ ಅಪ್ಪ, ಫ್ರೀ."

"ಸರಿ. ಎಷ್ಟು ಜನ ಹತ್ತಿದರು ಅಂತ ಲೆಕ್ಕ ಇಡೋರು ಯಾರು?"

ಉತ್ತರ ನನ್ನ ಹತ್ತಿರ ಇರಲಿಲ್ಲ. ಅವರೇ ಎಣಿಸಿದರು. ಹನ್ನೊಂದು ಜನ, ಎರಡು ವೀಲ್‌ಚೇರ್. ಆಮೇಲೆ ಮೂರು ತಿಂಗಳು, ನಾನು ಕೆಲಸಕ್ಕೆ ಕರೆದುಕೊಂಡು ಬಂದ ದಿನಗಳಲ್ಲೆಲ್ಲ ಅವರ ಟೈಂಪಾಸ್ ಇದೇ. ಸಂಜೆ ವೇಬಿಲ್ ಒಪ್ಪಿಸುವ ಹಾಗೆ ನನಗೆ ಲೆಕ್ಕ ಒಪ್ಪಿಸುತ್ತಿದ್ದರು. "ಮಧ್ಯಾಹ್ನದ ಟ್ರಿಪ್ ಖಾಲಿ ಹೊಡೀತಾ ಇದೆ ಕಣಮ್ಮ. ಇದು ಬಹಳ ದಿನ ಬಾಳಲ್ಲ."

ಒಂದು ಸ್ಟಾರ್ ಕಡಿಮೆ ಕೊಟ್ಟಿದ್ದಕ್ಕೂ ಅಪ್ಪನ ಮಾತೇ ಕಾರಣ. ನಿಲ್ದಾಣ ಮೂರೇ ಮೂರು: ಮೆಥಡಿಸ್ಟ್, ನಡುವೆ ಕೆನಾಲ್, ಕೊನೆಗೆ ರೈಲಿ-ಯೂನಿವರ್ಸಿಟಿ ಕಡೆಯದು. ಆಸ್ಪತ್ರೆ ಕೆಲಸ ಇದ್ದವರಿಗೆ ಚಿನ್ನದಂಥ ಗಾಡಿ, ಉಳಿದವರಿಗೆ ಎಲ್ಲಿಂದಲೂ ಎಲ್ಲಿಗೂ ಹೋಗದ ಗಾಡಿ. ಬಸ್ಸಾದರೆ ರೂಟ್ ಬದಲಿಸಬಹುದು, ಕಾಂಕ್ರೀಟ್ ಕಂಬ ಕಿತ್ತು ಪಕ್ಕಕ್ಕಿಡಲು ಆಗುತ್ತದೆಯೇ?

ಕೆನಾಲ್ ನಿಲ್ದಾಣದ ಮಗ್ಗುಲಲ್ಲೇ ಊರಿನ ಕಾಲುವೆಯ ಉತ್ತರದ ತುದಿ ಇದೆ. ಈಗ ಅಲ್ಲಿ ಜನ ಪೆಡಲ್ ದೋಣಿ ತುಳಿಯುತ್ತಾರೆ. ಅದೂ ಸಾರಿಗೆಗೆಂದೇ 1836ರಲ್ಲಿ ಕೈಹಾಕಿದ ಯೋಜನೆ. 296 ಮೈಲಿ ತೋಡಬೇಕಿತ್ತು, 1839ರಲ್ಲಿ ರಾಜ್ಯದ ಖಜಾನೆ ಬರಿದಾದಾಗ ಎಂಟು ಮೈಲಿಯಷ್ಟಕ್ಕೆ ನಿಂತಿತು. ಗಾಡಿಯ ಕಿಟಕಿಯಿಂದ ಆ ನೀರು ಎಷ್ಟು ಸಲ ನೋಡಿದ್ದೇನೋ. ಇದರ ಗತಿಯೂ ಅದೇ ಅಂತ ಹೊಳೆದೇ ಇರಲಿಲ್ಲ.

ನಮ್ಮೂರಿನದೇ ಹೀಗಾಯಿತು ಅಂತಲೂ ಅಲ್ಲ. ಉತ್ತರ ಕ್ಯಾರೊಲೈನಾದಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಆಸ್ಪತ್ರೆಗೂ ಇಂಥದ್ದೇ ಒಂದಿತ್ತು. ಲಿಫ್ಟ್ ಮಾಡುವ ಓಟಿಸ್ ಕಂಪನಿಯದು, ಗಾಳಿಯ ಮೆತ್ತೆಯ ಮೇಲೆ ತೇಲುವಂಥದ್ದು, ಚಕ್ರವೇ ಬೇಡ. ಸುಮಾರು ಮೂವತ್ತು ವರ್ಷ ಓಡಿ, 2009ರಲ್ಲಿ ನಿಂತಿತು.

ನಮ್ಮದರ ಭವಿಷ್ಯ 2015ರಲ್ಲೇ ಮಸುಕಾಗಿತ್ತು ಅನ್ನಿಸುತ್ತದೆ. ಮೆಥಡಿಸ್ಟ್ ಮತ್ತು ಯೂನಿವರ್ಸಿಟಿ ಆಸ್ಪತ್ರೆಗಳನ್ನು ಒಂದೇ ಜಾಗಕ್ಕೆ ತರುತ್ತೇವೆ ಅಂತ ಆ ವರ್ಷ ಹೇಳಿದರು. ಎರಡು ದಡ ಒಂದೇ ಆದರೆ ಸೇತುವೆ ಯಾಕೆ? 2019ರ ಫೆಬ್ರವರಿಯಲ್ಲಿ ಗಾಡಿ ನಿಂತಿತು, ಶಟಲ್ ಬಸ್ ಬಂತು. ಬಸ್ಸಿನ ತಕರಾರು ನನ್ನದೇನಿಲ್ಲ, ನಿಲ್ದಾಣ ಜಾಸ್ತಿ, ಬಾಗಿಲಿಗೇ ಬರುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ ಕತ್ತು ತಾನಾಗಿ ಮೇಲಕ್ಕೆ ಹೋಗುತ್ತಿತ್ತು.

ಆ ವಾರ ವಿಡಿಯೋ ಕಾಲ್‌ನಲ್ಲಿ ಅಪ್ಪನಿಗೆ ಹೇಳಿದೆ, ನಿಮ್ಮ ಗಾಡಿ ನಿಂತುಹೋಯ್ತು ಅಂತ. ಅಪ್ಪ ಕನ್ನಡಕ ತೆಗೆದು ಒರೆಸಿದರು.

"ಈಗೇನು ಬಿಟ್ಟಿದ್ದಾರೆ?"

"ಬಸ್ಸು."

"ಡ್ರೈವರ್ ಇದ್ದಾನಾ?"

"ಇದ್ದಾನೆ."

"ಕಂಡಕ್ಟರ್?"

"ಇಲ್ಲ ಅಪ್ಪ."

"ಹೋಗಲಿ ಬಿಡು, ಒಬ್ಬನಿಗಾದರೂ ಕೆಲಸ ಸಿಕ್ಕಿತು" ಅಂದವರು, ಒಂದು ಗಳಿಗೆ ಬಿಟ್ಟು ಕೇಳಿದರು: "ಕೊನೇ ಟ್ರಿಪ್‌ನಲ್ಲಿ ಎಷ್ಟು ಜನ ಇದ್ದರು?"