ಮೊಬೈಲ್ ಜಾಲತಾಣದ ಪರಿಶೀಲನೆ: ಬ್ರೌಸರ್, ಲೈಟ್‌ಹೌಸ್, ಕೈಯಲ್ಲಿರುವ ಫೋನ್

ಮೊಬೈಲಿಗಾಗಿ ರೂಪಿಸಿದ ಕನ್ನಡ ಜಾಲತಾಣವೊಂದು ಬಳಕೆಗೆ ಯೋಗ್ಯವಾಗಿದೆಯೇ ಎಂದು ನೋಡಬೇಕಾದವರಿಗೆ ಸಾಮಾನ್ಯವಾಗಿ ಮೂರು ದಾರಿಗಳಿವೆ. ಕಂಪ್ಯೂಟರಿನಲ್ಲೇ ಕ್ರೋಮ್ ಬ್ರೌಸರಿನ ಡೆವ್‌ಟೂಲ್ಸ್ (ತಾಣ ಕಟ್ಟುವವರಿಗಾಗಿ ಬ್ರೌಸರಿನೊಳಗೇ ಇರುವ ಸಾಧನಗಳು) ತೆರೆದು ಪುಟವನ್ನು ಫೋನಿನ ಅಗಲಕ್ಕೆ ಇಳಿಸಿ ನೋಡಬಹುದು. ಗೂಗಲ್‌ನ ಲೈಟ್‌ಹೌಸ್ ಎಂಬ ಪರೀಕ್ಷಾ ಸಾಧನದಿಂದ ಪುಟಕ್ಕೆ ಅಂಕ ಹಾಕಿಸಬಹುದು. ಅಥವಾ ಸಾಧಾರಣ ಬೆಲೆಯ ಆಂಡ್ರಾಯ್ಡ್ ಫೋನಿನಲ್ಲಿ, ವೈಫೈ ಆರಿಸಿ, ಮೊಬೈಲ್ ಡೇಟಾದಲ್ಲೇ ಪುಟವನ್ನು ತೆರೆದು ಓದಿ, ಅರ್ಜಿಯಿದ್ದರೆ ತುಂಬಿ ನೋಡಬಹುದು. ಸುದ್ದಿತಾಣ, ಪುಸ್ತಕ ಮಳಿಗೆ, ಸಂಘಸಂಸ್ಥೆಗಳ ತಾಣ ಮುಂತಾದವನ್ನು ಪರಿಶೀಲಿಸುವಾಗ ಈ ಮೂರನ್ನೂ ಒಂದೇ ಪುಟದ ಮೇಲೆ ಒಂದಾದ ಮೇಲೊಂದು ಬಳಸಿ ಹೋಲಿಸುತ್ತಾ ಬಂದಿದ್ದೇನೆ. ಇಂಗ್ಲಿಷ್ ಪುಟಗಳಿಗೆ ಮೊದಲ ಎರಡು ದಾರಿಗಳು ಬಹುಮಟ್ಟಿಗೆ ಸಾಕಾಗಬಹುದು. ಕನ್ನಡ ಪುಟಗಳಿಗೆ ಸಾಲುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಡೆವ್‌ಟೂಲ್ಸ್‌ನ ಮುಖ್ಯ ಗುಣ ವೇಗ. ಪರದೆಯ ಅಗಲವನ್ನು 412 ಪಿಕ್ಸೆಲ್‌ನಿಂದ 360ಕ್ಕೆ, ಅಲ್ಲಿಂದ 320ಕ್ಕೆ ಇಳಿಸುತ್ತಾ ಹೋದರೆ, ಯಾವ ಅಗಲದಲ್ಲಿ ಮೆನು ಒಡೆಯುತ್ತದೆ, ಯಾವ ಕೋಷ್ಟಕ ಪರದೆಯಿಂದಾಚೆಗೆ ಚಾಚಿಕೊಳ್ಳುತ್ತದೆ ಎಂಬುದು ನಿಮಿಷದೊಳಗೆ ತಿಳಿಯುತ್ತದೆ. ಅಡ್ಡಕ್ಕೆ ಜಾರಿಸದೆ 320 ಪಿಕ್ಸೆಲ್ ಅಗಲದಲ್ಲೂ ಪುಟವನ್ನು ಓದಲು ಬರಬೇಕೆಂದು ಸುಲಭಲಭ್ಯತೆಯ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುವುದರಿಂದ, ಈ ಪರೀಕ್ಷೆಯನ್ನು ನಾನು ಎಂದೂ ಬಿಡುವುದಿಲ್ಲ.

ಆದರೆ ಅಲ್ಲಿ ಕಾಣುವ ಕನ್ನಡ ಫೋನಿನ ಕನ್ನಡವಲ್ಲ. ತಾಣ ತನ್ನದೇ ಫಾಂಟನ್ನು ಕಳಿಸದಿದ್ದರೆ ವಿಂಡೋಸ್ ಕಂಪ್ಯೂಟರು ನಿರ್ಮಲಾ ಯುಐ ಅಥವಾ ತುಂಗಾ ಫಾಂಟಿನಲ್ಲಿ ಅಕ್ಷರಗಳನ್ನು ತೋರಿಸುತ್ತದೆ. ಆಂಡ್ರಾಯ್ಡ್ ಫೋನುಗಳಲ್ಲಿ ಸಾಮಾನ್ಯವಾಗಿ ಇರುವುದು ನೋಟೊ. ಇವುಗಳಲ್ಲಿ ಅಕ್ಷರದ ಅಗಲವೂ ಬೇರೆ, ಒತ್ತಕ್ಷರ ಕೆಳಗಿಳಿಯುವ ಆಳವೂ ಬೇರೆ. ಸುದ್ದಿತಾಣವೊಂದರ ಮುಖಪುಟದಲ್ಲಿ ಶೀರ್ಷಿಕೆಗಳನ್ನು ಎರಡು ಸಾಲಿಗೆ ಮಿತಿಗೊಳಿಸಿ, ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ 1.2 ಪಟ್ಟು ಇಟ್ಟು, ಹೊರಗೆ ಚಾಚಿದ್ದನ್ನು ಕತ್ತರಿಸುವಂತೆ ಬರೆದಿದ್ದರು. ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಸರಿಯಾಗಿತ್ತು. ಫೋನಿನಲ್ಲಿ ತೆರೆದಾಗ ಎರಡನೆಯ ಸಾಲಿನ ‘ವೈಶಿಷ್ಟ್ಯ’ ಎಂಬ ಪದದಲ್ಲಿ ಷಕಾರದ ಕೆಳಗಿನ ಒತ್ತುಗಳ ಬುಡವೇ ಹಾರಿಹೋಗಿತ್ತು. ಇಂಗ್ಲಿಷ್ ಅಕ್ಷರಗಳಿಗೆ 1.2 ಸಾಕು, ಎರಡೆರಡು ಒತ್ತುಗಳನ್ನು ಹೊರುವ ಕನ್ನಡಕ್ಕೆ 1.5ರ ಆಸುಪಾಸು ಬೇಕೇ ಬೇಕು. ಇಷ್ಟು ಸಣ್ಣ ಬದಲಾವಣೆಯಿಂದ ಸರಿಹೋಗುವ ದೋಷವನ್ನು ಓದುಗರು ದಿನವೂ ಸಹಿಸಿಕೊಳ್ಳಬೇಕಾಗುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಲೈಟ್‌ಹೌಸ್‌ನ ಬಲ ಇರುವುದು ಅಳತೆಯಲ್ಲಿ. ಮೊಬೈಲ್ ಪರೀಕ್ಷೆಯಲ್ಲಿ ಅದು ಸೆಕೆಂಡಿಗೆ ಸುಮಾರು 1.6 ಮೆಗಾಬಿಟ್ ವೇಗದ ನಿಧಾನವಾದ 4ಜಿ ಸಂಪರ್ಕವನ್ನೂ ನಾಲ್ಕು ಪಟ್ಟು ನಿಧಾನಗೊಳಿಸಿದ ಪ್ರೊಸೆಸರನ್ನೂ ಕಲ್ಪಿಸಿಕೊಂಡು ಅಂಕ ಕೊಡುತ್ತದೆ. 90 ಮತ್ತು ಅದಕ್ಕಿಂತ ಹೆಚ್ಚಿದ್ದರೆ ಹಸಿರು, 50ಕ್ಕಿಂತ ಕಡಿಮೆಯಾದರೆ ಕೆಂಪು. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಿತೇ, ಓದುತ್ತಿರುವಾಗಲೇ ಸಾಲುಗಳು ಜಿಗಿದವೇ ಎಂಬುದನ್ನು ಅದು ಕಣ್ಣಿಗಿಂತ ನಿಖರವಾಗಿ ಹೇಳುತ್ತದೆ. ಒತ್ತಕ್ಷರ, ಸಂಯುಕ್ತಾಕ್ಷರಗಳ ರೂಪಗಳನ್ನೆಲ್ಲ ಒಳಗೊಳ್ಳಬೇಕಾದ ಕನ್ನಡ ಫಾಂಟುಗಳು ಇಂಗ್ಲಿಷ್ ಫಾಂಟುಗಳಿಗಿಂತ ಸಾಮಾನ್ಯವಾಗಿ ಭಾರವಾಗಿರುವುದರಿಂದ, ತಡವಾಗಿ ಬಂದ ಫಾಂಟಿನ ಕಾರಣಕ್ಕೆ ಇಡೀ ಪುಟವೇ ಮರುಜೋಡಣೆಯಾಗುವ ತೊಂದರೆ ನಮ್ಮಲ್ಲಿ ಹೆಚ್ಚು. ಅದನ್ನು ಹಿಡಿಯಲು ಲೈಟ್‌ಹೌಸ್‌ಗಿಂತ ಅನುಕೂಲವಾದ ಸಾಧನವನ್ನು ನಾನು ಬಳಸಿಲ್ಲ. ಮೊಬೈಲ್ ಸ್ನೇಹಿ ಎಂಬ ಪ್ರತ್ಯೇಕ ಪರೀಕ್ಷೆಯನ್ನು ಗೂಗಲ್ 2023ರ ಡಿಸೆಂಬರಿನಲ್ಲಿ ನಿಲ್ಲಿಸಿದ ಮೇಲಂತೂ ಹೆಚ್ಚಿನವರು ಇದನ್ನೇ ನೆಚ್ಚಿಕೊಂಡಿದ್ದಾರೆ.

ಅದರ ಅಂಕಕ್ಕೂ ಓದಿನ ಸುಖಕ್ಕೂ ನೇರ ಸಂಬಂಧವಿಲ್ಲ. ಪುಟದ ಭಾಷೆ ಯಾವುದೆಂದು ನಮೂದಿಸಲಾಗಿದೆಯೇ ಎಂದು ಲೈಟ್‌ಹೌಸ್ ನೋಡುತ್ತದೆ, ನಮೂದು ನಿಜವೇ ಎಂದು ನೋಡುವುದಿಲ್ಲ. ಪೂರ್ತಿ ಕನ್ನಡದಲ್ಲಿರುವ ಪುಟವನ್ನು ಇಂಗ್ಲಿಷ್ ಎಂದು ಘೋಷಿಸಿದ್ದರೂ ಅದು ತೇರ್ಗಡೆಯಾಗುತ್ತದೆ. ಪರದೆಯನ್ನು ಓದಿಸಿ ಕೇಳುವ ದೃಷ್ಟಿದೋಷವುಳ್ಳವರಿಗೆ ಈ ತಪ್ಪು ನಮೂದಿನಿಂದ ತೊಡಕಾಗಬಹುದು. ಕತ್ತರಿಸಿದ ಒತ್ತಕ್ಷರವೂ ಅದರ ಲೆಕ್ಕಕ್ಕೆ ಬರುವುದಿಲ್ಲ.

ಇನ್ನು ಫೋನು. ಇಲ್ಲಿ ಪರಿಶೀಲನೆ ನಿಧಾನ, ಜಾಗದಿಂದ ಜಾಗಕ್ಕೆ ನೆಟ್‌ವರ್ಕ್ ಬದಲಾಗುವುದರಿಂದ ಒಂದು ದಿನದ ಅನುಭವವನ್ನು ಇನ್ನೊಂದು ದಿನದೊಂದಿಗೆ ಅಂಕಿಗಳಲ್ಲಿ ಹೋಲಿಸಲು ಬರುವುದಿಲ್ಲ. ಆದರೂ ಅತಿ ಹೆಚ್ಚು ದೋಷಗಳು ನನಗೆ ಸಿಕ್ಕಿರುವುದು ಇಲ್ಲಿಯೇ, ಅದರಲ್ಲೂ ಅರ್ಜಿಗಳಲ್ಲಿ. ಕನ್ನಡ ಕೀಲಿಮಣೆ ಮೇಲೆದ್ದ ಕೂಡಲೇ ಬರೆಯಬೇಕಾದ ಜಾಗವೇ ಅದರ ಹಿಂದೆ ಅಡಗಿಕೊಳ್ಳುತ್ತದೆ. ಪಿನ್‌ಕೋಡ್ ಕೇಳುವಲ್ಲಿ ಅಂಕಿಗಳ ಬದಲು ಅಕ್ಷರಗಳ ಕೀಲಿಮಣೆ ತೆರೆದುಕೊಳ್ಳುತ್ತದೆ. ಇವೆರಡಕ್ಕಿಂತ ಗಂಭೀರವಾದದ್ದು ಹೆಸರಿನ ಉದ್ದದ ಮಿತಿ. ‘ಕೃಷ್ಣಮೂರ್ತಿ’ ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಕಂಪ್ಯೂಟರು ಅಕ್ಷರಗಳನ್ನು ಗುರುತಿಸುವ ಯೂನಿಕೋಡ್ ಪದ್ಧತಿಯಲ್ಲಿ ಕಾಗುಣಿತದ ಚಿಹ್ನೆಗಳೂ ಒತ್ತಕ್ಷರ ಮೂಡಿಸುವ ವಿರಾಮಗಳೂ (್) ಬಿಡಿಬಿಡಿಯಾಗಿ ಲೆಕ್ಕವಾಗುವುದರಿಂದ ಅದು ಹನ್ನೊಂದು. ಅದನ್ನು ಉಳಿಸಿಡುವ ಯುಟಿಎಫ್-8 ವಿಧಾನದಲ್ಲಿ ಒಂದೊಂದಕ್ಕೂ ಮೂರು ಬೈಟ್ ಹಿಡಿದು ಮೂವತ್ತಮೂರು ಬೈಟ್. ಇಂಗ್ಲಿಷನ್ನು ಮನಸ್ಸಿನಲ್ಲಿಟ್ಟು ಹೆಸರಿಗೆ ಇಪ್ಪತ್ತರ ಮಿತಿ ಹಾಕಿದ ಅರ್ಜಿಯೊಂದು ತಂದೆಯ ಹೆಸರು ಸೇರಿಸುವಷ್ಟರಲ್ಲಿ ಅಕ್ಷರಗಳನ್ನು ನುಂಗತೊಡಗಿತು, ಯಾವ ಎಚ್ಚರಿಕೆಯನ್ನೂ ತೋರಿಸಲಿಲ್ಲ. ಲ್ಯಾಪ್‌ಟಾಪಿನಲ್ಲೂ ಇದನ್ನು ಕಾಣಬಹುದು, ನಿಜ. ಅಲ್ಲಿ ಪರೀಕ್ಷಿಸುವವರು ಇಂಗ್ಲಿಷಿನಲ್ಲಿ ಏನನ್ನೋ ಒತ್ತಿ ಮುಂದೆ ಹೋಗುತ್ತಾರೆ. ಫೋನಿನಲ್ಲಿ ಕನ್ನಡ ಕೀಲಿಮಣೆ ಕೈಗೆಟುಕುವಂತಿರುವುದರಿಂದ ನಿಜವಾದ ಹೆಸರನ್ನೇ ಬರೆಯುತ್ತೇವೆ.

ಬಿಸಿಲಿನಲ್ಲಿ ಬಸ್ಸಿಗೆ ಕಾಯುತ್ತಾ ಮಾಸಲು ಬೂದುಬಣ್ಣದ ಅಕ್ಷರಗಳನ್ನು ಓದುವುದು ಹೇಗಿರುತ್ತದೆ ಎಂಬುದು ಕೂಡ ಅಲ್ಲೇ ತಿಳಿಯಬೇಕು.

ಫೋನು ದೋಷವನ್ನು ತೋರಿಸುತ್ತದೆಯೇ ಹೊರತು ಕಾರಣವನ್ನಲ್ಲ. ಅದಕ್ಕೆ ಯುಎಸ್‌ಬಿ ಕೇಬಲ್ ಇದೆ: ಫೋನಿನಲ್ಲಿ ಡೀಬಗ್ಗಿಂಗ್ (ದೋಷ ಹುಡುಕುವಿಕೆ) ಅನುಮತಿ ಕೊಟ್ಟು ಕಂಪ್ಯೂಟರಿಗೆ ಜೋಡಿಸಿದರೆ, ಫೋನಿನಲ್ಲಿ ತೆರೆದಿರುವ ಪುಟವನ್ನೇ ಡೆವ್‌ಟೂಲ್ಸ್‌ನಲ್ಲಿ ಬಿಡಿಸಿ ನೋಡಬಹುದು. ಹಾಗಾಗಿ ನಾನು ಮೊದಲು ಫೋನಿನಲ್ಲಿ ಓದುತ್ತೇನೆ, ಆಮೇಲೆ ಕೇಬಲ್ ಹಾಕಿ ಕಾರಣ ಹುಡುಕುತ್ತೇನೆ, ಲೈಟ್‌ಹೌಸನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಹಸಿರು ಅಂಕವನ್ನು ಮೊದಲೇ ನೋಡಿದರೆ ಕಣ್ಣು ಸಣ್ಣಪುಟ್ಟ ದೋಷಗಳನ್ನು ಮನ್ನಿಸಿಬಿಡುತ್ತದೆ. ತಿದ್ದುಪಡಿಯ ಮುಂಚೆ, ಆಮೇಲೆ ಎಷ್ಟು ವ್ಯತ್ಯಾಸವಾಯಿತು ಎಂದು ತೋರಿಸಲು ಮಾತ್ರ ಆ ಅಂಕವೇ ಬೇಕು. ಒಂದೇ ಸಾಧನಕ್ಕೆ ಅವಕಾಶವಿರುವವರು ಕೆಲವು ವರ್ಷ ಹಳೆಯದಾದ, ಕಡಿಮೆ ರ‍್ಯಾಮ್‌ನ ಫೋನನ್ನು ಆರಿಸಿಕೊಳ್ಳಲಿ. ಹಿರಿಯರಲ್ಲಿ ಅನೇಕರು ಇಟ್ಟುಕೊಳ್ಳುವಂತೆ ಅದರ ಅಕ್ಷರದ ಗಾತ್ರವನ್ನು ಒಂದು ಹಂತ ಹೆಚ್ಚಿಸಿಟ್ಟುಕೊಂಡೇ ಪರಿಶೀಲನೆಗೆ ತೊಡಗಲಿ.